ಮನಸ್ಸಿನೊಳಗಿನ ಎಲೆ: ಒಂದು ಇಸ್ಪೀಟಿನ ಚಮತ್ಕಾರದ ಗುಣದೋಷವಿಚಾರ

ದೀಪಾವಳಿ ಬಂದಿತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಊರುಗಳಲ್ಲಿ ಕಬ್ಬಿನ ಗಾಡಿಗಳ ಸಪ್ಪಳದೊಡನೆ ಇನ್ನೊಂದು ಸಪ್ಪಳವೂ ಕೇಳಬರುವದು. ಅದು ಪಡಸಾಲೆಯ ಜಮಖಾನೆಯ ಮೇಲೆ ಇಸ್ಪೀಟಿನ ಎಲೆಗಳನ್ನು ಕಲಸುವ ಸಪ್ಪಳ. ಹಬ್ಬಕ್ಕೆ ಬಂದ ಅಳಿಯಂದಿರು, ರಜೆಗೆ ಬಂದ ಹುಡುಗರು, ಮಗ್ಗುಲ ಮನೆಯವರು ಸುತ್ತುಗಟ್ಟಿ ಕುಳಿತಿರುವಾಗ ಅವರಲ್ಲೊಬ್ಬನು ಎಲೆಗಳನ್ನು ಕೈಗೆ ತೆಗೆದುಕೊಂಡು, “ನೀವು ಮನಸ್ಸಿನಲ್ಲಿ ಒಂದು ಎಲೆಯನ್ನು ನೆನೆಯಿರಿ, ಅದಾವದೆಂಬದನ್ನು ನಾನು ಹೇಳುವೆನು” ಎಂದು ಪ್ರಾರಂಭಿಸುವದುಂಟು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆತನು ಆ ಮನೆಯ ಮಾಂತ್ರಿಕನಾಗಿರುತ್ತಾನೆ, ಇಲ್ಲವೆ ಆ ಮನೆಯ ನಗೆಗೀಡಾಗಿರುತ್ತಾನೆ. ಎರಡರ ನಡುವಿನ ಅಂತರವು ಬಹಳ ಸಣ್ಣದು.

ನಾವು ವೃತ್ತಿಯಿಂದ ಜಾದೂಗಾರರಲ್ಲ. ಆದರೂ ಬಹು ವರುಷಗಳಿಂದ ಕೈಯಳತೆಯಲ್ಲಿ ಕುಳಿತ ನಾಲ್ಕೆಂಟು ಜನರ ಎದುರಿಗೆ ಎಲೆಯ ಆಟಗಳನ್ನು ತೋರಿಸುತ್ತ ಬಂದಿರುವೆವು. ಗೆದ್ದದ್ದಕ್ಕಿಂತ ಸೋತು ಕಲಿತದ್ದೇ ಹೆಚ್ಚು. ಕಿರಿಯರನೇಕರು ನಮ್ಮನ್ನು ಕೇಳುವ ಪ್ರಶ್ನೆಯು ಒಂದೇ: “ಮೊದಲು ಯಾವ ಆಟವನ್ನು ಕಲಿಯಬೇಕು?” ಆಟಗಳು ಸಾವಿರವಿರುವವು, ಫೋನಿನ ಪರದೆಯ ಮೇಲೆ ದಿನಕ್ಕೊಂದು ಹೊಸದು ಬರುತ್ತಿರುವದು. ಹೀಗಿರುವಾಗ ಆಟದ ಹೆಸರನ್ನು ಹೇಳುವದಕ್ಕಿಂತ, ಒಂದು ಆಟವನ್ನು ತೂಗಿ ನೋಡುವ ಬಗೆಯನ್ನು ಹೇಳುವದೇ ಹೆಚ್ಚು ಪ್ರಯೋಜನಕರವೆಂದು ನಮಗೆ ತೋರುವದು. ಆದುದರಿಂದ ಎಲ್ಲರೂ ಬಲ್ಲ ಒಂದು ಹಳೆಯ ಆಟವನ್ನೇ ಪರೀಕ್ಷೆಗೆ ತೆಗೆದುಕೊಳ್ಳುವೆವು. ಅದೇ ಇಪ್ಪತ್ತೊಂದೆಲೆಯ ಮೂರು ಸಾಲಿನ ಆಟ.

ಮೊದಲೊಂದು ಆಕ್ಷೇಪ

ಪ್ರಕೃತ ವಿಷಯಕ್ಕೆ ಬರುವ ಮುಂಚೆ ಅಜ್ಜಿಯರ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಇಸ್ಪೀಟೆಂದರೆ ಜೂಜು, ಜೂಜೆಂದರೆ ಮನೆಹಾಳು. ಆ ಎಲೆಗಳನ್ನು ದೇವರ ದೀಪವಿರುವ ಮನೆಯೊಳಗೆ ತರಬಾರದೆಂದು ಅವರು ಹೇಳುವರು. ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಎಲೆಯಾಟದಲ್ಲಿ ಹೊಲ ಹೋದ ಮನೆಗಳು ಪ್ರತಿಯೊಂದು ಊರಿನಲ್ಲಿಯೂ ಇರುವವು. ನಾವು ಚಿಕ್ಕವರಿದ್ದಾಗ ಒಂದು ಜಾತ್ರೆಯಲ್ಲಿ, ಹಾಸಿದ ಗೋಣಿಯ ಮೇಲೆ ಮೂರೆಲೆಗಳನ್ನು ಬೋರಲು ಹಾಕಿ, “ರಾಣಿ ಎಲ್ಲಿ?” ಎಂದು ಕೇಳುವವನ ಮುಂದೆ ಕುಳಿತು, ಶಾಲೆಯ ಫೀಗೆಂದು ಮನೆಯಲ್ಲಿ ಕೊಟ್ಟ ಹಣವನ್ನು ಕಳೆದುಕೊಂಡೆವು. ನಮ್ಮ ಮುಂದೆಯೇ ಒಬ್ಬನು ಎರಡು ಸಾರೆ ಗೆದ್ದುದನ್ನು ಕಂಡು ನಮಗೆ ಧೈರ್ಯ ಬಂದಿತ್ತು. ಗೆದ್ದವನು ಆ ಆಟಗಾರನ ಸಂಗಡಿಗನೇ ಎಂಬದು ಬಹಳ ವರುಷಗಳ ಮೇಲೆ ತಿಳಿಯಿತು. ಒಂದೇ ಕೈಯಲ್ಲಿ ಎರಡೆಲೆಗಳನ್ನು ಹಿಡಿದು, ಕೆಳಗಿನದನ್ನು ಒಗೆದಂತೆ ಮಾಡಿ ಮೇಲಿನದನ್ನು ಒಗೆಯುವದೇ ಆ ಮೋಸದ ಮೂಲವು. ಕಣ್ಣು ಎಷ್ಟೇ ಚುರುಕಾಗಿದ್ದರೂ ಅಲ್ಲಿ ಗೆಲ್ಲುವ ಹಾದಿಯೇ ಇಲ್ಲ.

ಫ್ರಾನ್ಸದ ಪ್ರಸಿದ್ಧ ಜಾದೂಗಾರನಾದ ರಾಬೇರ್ ಊದೇನನು 1861ರಲ್ಲಿ ಜೂಜುಗಾರರ ಕಪಟಗಳನ್ನು ಬಯಲಿಗೆಳೆಯುವ ಗ್ರಂಥವೊಂದನ್ನು ಪ್ರಕಟಿಸಿದನು. ಜನರನ್ನು ಬೆರಗುಗೊಳಿಸಿ ಬಾಳಿದವನೇ ಜನರನ್ನು ಮೋಸದಿಂದ ಕಾಯಲು ಲೇಖನಿಯನ್ನೆತ್ತಿದ್ದು ನಮಗೆ ಬಹಳ ಅರ್ಥವುಳ್ಳದ್ದಾಗಿ ಕಾಣುವದು. ಜೂಜುಗಾರನು ತಾನು ಮೋಸ ಮಾಡುತ್ತಿಲ್ಲವೆಂದು ಹೇಳಿ ಮೋಸ ಮಾಡುವನು; ಚಮತ್ಕಾರಿಯು ಮೋಸಗೊಳಿಸುವೆನೆಂದು ಹೇಳಿಯೇ ಮೋಸಗೊಳಿಸುವನು. ಮೊದಲನೆಯವನು ನಿಮ್ಮ ಕಿಸೆಯಿಂದ ಒಯ್ಯುವನು. ಎರಡನೆಯವನು ಒಂದು ಸಂಜೆಯನ್ನು ಕೊಟ್ಟು ಹೋಗುವನು. ಅಜ್ಜಿಯರಿಗೆ ನಮ್ಮ ಉತ್ತರವು ಇಷ್ಟೆ. ಹಣವಿಲ್ಲದೆ ಆಡುವ ಎಲೆಗಳು ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. ಅಂಬೋಲಿಯ ಘಟ್ಟವನ್ನಿಳಿದರೆ ಸಿಗುವ ಸಾವಂತವಾಡಿಯಲ್ಲಿ ದಶಾವತಾರದ ಚಿತ್ರಗಳುಳ್ಳ ದುಂಡನೆಯ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಿಂದ ಬರೆಯುತ್ತಾರೆ. ಹತ್ತು ಅವತಾರ, ಅವತಾರಕ್ಕೆ ಹನ್ನೆರಡರಂತೆ ನೂರಿಪ್ಪತ್ತು ಎಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಎಲೆಯಾಟಗಳನ್ನು ‘ಛದ’ವೆಂಬ ಹೆಸರಿನಿಂದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ವಿವರಿಸಿರುವರು. ಅರಮನೆಯಲ್ಲಿ ಗೌರವ ಪಡೆದ ವಸ್ತುವಿಗೆ ಪಡಸಾಲೆಯಲ್ಲಿ ಸ್ಥಳವಿಲ್ಲವೆಂದರೆ ಹೇಗೆ?

ಆಟದ ಸ್ವರೂಪ

ಇನ್ನು ಆಟಕ್ಕೆ ಬರುವಾ. ಯಾವ ಕಟ್ಟಿನಿಂದಲಾದರೂ ಇಪ್ಪತ್ತೊಂದು ಎಲೆಗಳನ್ನು ಎಣಿಸಿ ತೆಗೆದುಕೊಳ್ಳಿರಿ. ಅವುಗಳನ್ನು ಮುಖ ಮೇಲಾಗಿ, ಒಂದರ ಮಗ್ಗುಲಿಗೊಂದರಂತೆ ಎಡದಿಂದ ಬಲಕ್ಕೆ ಮೂರು ಸಾಲುಗಳಲ್ಲಿ ಇಡುತ್ತ ಹೋಗಿರಿ. ಸಾಲಿಗೆ ಏಳೆಲೆ ಬೀಳುವವು. ನೋಟಕನು ಒಂದೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅದು ಯಾವ ಸಾಲಿನಲ್ಲಿರುವದೆಂಬದನ್ನಷ್ಟೆ ತೋರಿಸತಕ್ಕದ್ದು. ಆ ಸಾಲನ್ನು ಉಳಿದೆರಡರ ನಡುವೆ ಬರುವಂತೆ ಕೂಡಿಸಿ, ಕಟ್ಟನ್ನು ಬೋರಲು ಮಾಡಿ, ಮತ್ತೆ ಅದೇ ರೀತಿ ಮೂರು ಸಾಲುಗಳಲ್ಲಿ ಹಂಚಬೇಕು. ಹೀಗೆ ಮೂರು ಸಾರೆ ಮಾಡಿದರೆ ನೆನೆದ ಎಲೆಯು ಮೇಲಿನಿಂದ ಹನ್ನೊಂದನೆಯದಾಗಿ ನಿಲ್ಲುವದು. ಇದು ತಪ್ಪದು.

ಏತಕ್ಕೆ ತಪ್ಪದೆಂಬದನ್ನು ತಿಳಿದುಕೊಳ್ಳದೆ ಆಟವನ್ನು ಆಡುವವನು ಎಲೆಗಳ ಕೈಗೊಂಬೆಯಾಗುವನು. ಆದುದರಿಂದ ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಮೊದಲನೆಯ ಸಾರೆ ಸಾಲನ್ನು ನಡುವೆ ಇಟ್ಟಾಗ ಆ ಎಲೆಯು ಎಂಟರಿಂದ ಹದಿನಾಲ್ಕರವರೆಗಿನ ಯಾವದೋ ಸ್ಥಾನದಲ್ಲಿರುವದು. ಎರಡನೆಯ ಹಂಚಿಕೆಯಲ್ಲಿ ಈ ಏಳೆಲೆಗಳು ಮೂರೂ ಸಾಲುಗಳಿಗೆ ಚದರಿ ಪ್ರತಿ ಸಾಲಿನ ಮಧ್ಯಭಾಗಕ್ಕೇ ಬೀಳುವವು. ಮತ್ತೆ ನಡುವೆ ಇಟ್ಟಾಗ ಅದು ಹತ್ತು, ಹನ್ನೊಂದು, ಹನ್ನೆರಡರಲ್ಲಿ ಒಂದಾಗುವದು. ಮೂರನೆಯ ಹಂಚಿಕೆಯಲ್ಲಿ ಈ ಮೂರೆಲೆಗಳು ಸಾಲಿಗೊಂದರಂತೆ ಸರಿಯಾಗಿ ನಾಲ್ಕನೆಯ ಸ್ಥಾನದಲ್ಲಿ ಕೂಡುವವು. ನೋಟಕನು ಸಾಲನ್ನು ತೋರಿಸಿದ ಕ್ಷಣವೇ ಆ ಸಾಲಿನ ನಟ್ಟನಡುವಿನ ಎಲೆಯು ಆತನದೆಂದು ನಿಮಗೆ ಗೊತ್ತಾಗುವದು. ಮೂರು ಪ್ರಶ್ನೆಗಳು, ಪ್ರತಿಯೊಂದು ಉತ್ತರದಿಂದ ಸಂದೇಹವು ಮೂರರಲ್ಲೊಂದು ಪಾಲಿಗಿಳಿಯುವದು. ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ ಇಪ್ಪತ್ತೇಳು. ಅಂದರೆ ಮೂರು ಪ್ರಶ್ನೆಗಳಿಂದ ಇಪ್ಪತ್ತೇಳು ಎಲೆಗಳವರೆಗೆ ಕಂಡುಹಿಡಿಯಬಹುದು; ಇಪ್ಪತ್ತೊಂದು ಅದರೊಳಗಿನ ಮಾತು. ಈ ಇಪ್ಪತ್ತೇಳೆಲೆಯ ರೂಪವನ್ನು ಗಣಿತಜ್ಞನಾದ ಜೆರ್ಗೊನ್ನನು 1813–14ರಲ್ಲಿ ತನ್ನ ಗಣಿತಪತ್ರಿಕೆಯಲ್ಲಿ ಚರ್ಚಿಸಿದನು. ಅದರ ಪ್ರಯೋಜನವನ್ನು ಮುಂದೆ ಕಾಣುವೆವು.

ಆರು ಪರೀಕ್ಷೆಗಳು

ಮೊದಲನೆಯ ಪರೀಕ್ಷೆಯು ಕೈಯದು. ಆಟವು ಎಷ್ಟು ಹಸ್ತಲಾಘವವನ್ನು ಬೇಡುವದು? 1902ರಲ್ಲಿ ಅಮೇರಿಕೆಯಲ್ಲಿ ಅರ್ಡ್‌ನೇಸ್ ಎಂಬ ಮುಚ್ಚು ಹೆಸರಿನವನೊಬ್ಬನು ಎಲೆಗಳ ಕೈಚಳಕವನ್ನು ಕುರಿತು ಬರೆದ ಪುಸ್ತಕವು ಇಂದಿಗೂ ಜಾದೂಗಾರರ ಪಠ್ಯವಾಗಿರುವದು. ಬರೆದವನು ಯಾರೆಂಬದು ಇನ್ನೂ ವಾದದ ವಿಷಯವೇ. ಅದರೊಳಗಿನ ಒಂದೊಂದು ಕೈಚಳಕಕ್ಕೂ ತಿಂಗಳುಗಳ ಅಭ್ಯಾಸ ಬೇಕು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅಕ್ಕತಂಗಿಯರ ಬೆರಳುಗಳನ್ನು ನೋಡಿದವರಿಗೆ ಅಭ್ಯಾಸವೆಂದರೇನೆಂಬದನ್ನು ಬೇರೆ ಹೇಳಬೇಕಾಗಿಲ್ಲ; ಮಾತು ಒಂದೆಡೆ, ಕಣ್ಣು ಒಂದೆಡೆ, ಬೆರಳು ಮಾತ್ರ ತನ್ನ ಕೆಲಸದಲ್ಲಿ ಇರುವವು. ಮೂರು ಸಾಲಿನ ಆಟಕ್ಕೆ ಇದಾವದೂ ಬೇಡ. ಹತ್ತು ವರುಷದ ಹುಡುಗಿಯೂ ಮಾಡಬಲ್ಲಳು. ಈ ಪರೀಕ್ಷೆಯಲ್ಲಿ ಆಟಕ್ಕೆ ಪೂರ್ಣ ಗುಣ.

ಎರಡನೆಯದು ಸಾಮಗ್ರಿಯ ಪರೀಕ್ಷೆ. ಮನೆಗಳಲ್ಲಿಯ ಇಸ್ಪೀಟಿನ ಕಟ್ಟು ಹೇಗಿರುವದೆಂಬದು ವಾಚಕರಿಗೆ ಗೊತ್ತಿರುವದೇ. ಬದಾಮಿನ ಏಳು ಕಳೆದಿರುವದು, ಕಿಲವರದ ಗುಲಾಮನ ಮೂಲೆಯನ್ನು ಮಗು ಕಚ್ಚಿರುವದು, ಚಹದ ಕಲೆಯಿಂದ ಒಂದೆಲೆಯು ಇನ್ನೊಂದಕ್ಕೆ ಅಂಟಿರುವದು. ಪೂರ್ಣ ಕಟ್ಟನ್ನೂ ನುಣುಪಾದ ಎಲೆಗಳನ್ನೂ ಬೇಡುವ ಆಟವು ಅಲ್ಲಿ ನಿಲ್ಲದು. ನಮ್ಮ ಆಟಕ್ಕೆ ಯಾವ ಇಪ್ಪತ್ತೊಂದು ಎಲೆಗಳಾದರೂ ಸಾಕು. ಮುಂಚಿತವಾಗಿ ಜೋಡಿಸಿಟ್ಟುಕೊಳ್ಳುವದಿಲ್ಲ, ಗುರುತು ಹಾಕುವದಿಲ್ಲ, ಆಟ ಮುಗಿದ ಮೇಲೆ ಅಡಗಿಸತಕ್ಕದ್ದೂ ಇಲ್ಲ. ಇಲ್ಲಿಯೂ ಪೂರ್ಣ ಗುಣ.

ಮೂರನೆಯದು ಕುಳಿತುಕೊಳ್ಳುವ ರೀತಿಯ ಪರೀಕ್ಷೆ. ರಂಗದ ಮೇಲೆ ನಿಂತವನಿಗೆ ನೋಟಕರು ಎದುರಿಗಿರುವರು, ಬಂಗಾಲದ ಪಿ. ಸಿ. ಸರಕಾರರಂಥವರ (1913–1971) ವೈಭವವು ಆ ರಂಗದ್ದು, ಆ ದೀಪಗಳದ್ದು. ಪಡಸಾಲೆಯಲ್ಲಿ ಹಾಗಲ್ಲ. ಎದುರಿಗೆ ಮಾವನವರು, ಮಗ್ಗುಲಿಗೆ ಹುಡುಗರು, ಬೆನ್ನ ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ಹೆಂಗಸರು. ಅಂಗೈಯಲ್ಲಿ ಎಲೆಯನ್ನಡಗಿಸುವ ಆಟವು ಎದುರಿನವರಿಗೆ ಸೋಜಿಗವಾದರೂ ಬೆನ್ನ ಹಿಂದಿನವರಿಗೆ ಬಟ್ಟಬಯಲು. ಮೂರು ಸಾಲಿನ ಆಟದಲ್ಲಿ ಅಡಗಿಸುವದೇ ಇಲ್ಲವಾದುದರಿಂದ ಎಂಟು ದಿಕ್ಕಿನಿಂದ ನೋಡಿದರೂ ಬಾಧೆಯಿಲ್ಲ.

ನಾಲ್ಕನೆಯದು ಭಾಷೆಯ ಪರೀಕ್ಷೆ. ನಮ್ಮ ಗಡಿಭಾಗದಲ್ಲಿ ಇದು ಸಣ್ಣ ಮಾತಲ್ಲ. ಒಂದೇ ಜಮಖಾನೆಯ ಮೇಲೆ ಕನ್ನಡದಲ್ಲಿ ಯೋಚಿಸುವವರೂ ಮರಾಠಿಯಲ್ಲಿ ಯೋಚಿಸುವವರೂ ಕುಳಿತಿರುವರು. ಎಲೆಗಳ ಹೆಸರುಗಳೋ ಊರಿಗೊಂದು ತೆರ. ಇಲ್ಲಿ ಬದಾಮ, ಚೌಕಟ, ಕಿಲವರವೆನ್ನುವದನ್ನು ಮೈಸೂರಿನ ಕಡೆಯವರು ಆಟೀನು, ಡೈಮನ್ನು, ಕಳಾವರವೆನ್ನುವರು. (ಡಚ್ಚರ ನುಡಿಯಲ್ಲಿ ಆ ಮೂರೆಲೆಯ ಗುರುತಿಗೆ ‘ಕ್ಲಾವರ್’ ಎಂದು ಹೆಸರು, ಸಮುದ್ರ ದಾಟಿ ಬಂದ ಮಾತು ಎಲ್ಲೆಲ್ಲಿ ಮನೆ ಮಾಡಿಕೊಳ್ಳುವದೆಂಬದನ್ನು ನೋಡಿರಿ!) ಉದ್ದ ಕಥೆಯನ್ನು ಬೇಡುವ ಆಟವು ಇಂಥಲ್ಲಿ ಅರ್ಧ ಜನರನ್ನು ಹೊರಗಿಡುವದು. ಮೂರು ಸಾಲಿನ ಆಟದಲ್ಲಿ ನೋಟಕನು ಬೆರಳಿನಿಂದ ಸಾಲನ್ನು ತೋರಿಸಿದರಾಯಿತು. ಮಾತೇ ಬೇಡ.

ಐದನೆಯದು ತಪ್ಪುಗಳ ಪರೀಕ್ಷೆ. ಆಡುವವನು ತಪ್ಪದಿದ್ದರೂ ನೋಟಕನು ತಪ್ಪಿದರೆ ಆಟವೇನಾಗುವದು? ಒಂದು ಸಾರೆ ನಮ್ಮ ಮುಂದೆ ಕುಳಿತ ಹಿರಿಯರೊಬ್ಬರು ಎರಡನೆಯ ಹಂಚಿಕೆಯ ಹೊತ್ತಿಗೆ ತಮ್ಮ ಎಲೆಯನ್ನು ಮರೆತರು. ಸಂಕೋಚದಿಂದ ಅದನ್ನು ಹೇಳದೆ ಯಾವದೋ ಸಾಲನ್ನು ತೋರಿಸಿದರು. ಕೊನೆಗೆ ನಾವು ಮೇಲೆತ್ತಿದ ಎಲೆಯನ್ನು ಕಂಡು, “ಇದೇ ಇರಬಹುದು” ಎಂದರು. ಅಷ್ಟು ದುರ್ಬಲವಾದ ಜಯವನ್ನು ನಾವು ಮತ್ತೆಂದೂ ಕಂಡಿಲ್ಲ. ಅಂದಿನಿಂದ, ನೆನೆದ ಎಲೆಯನ್ನು ಮಗ್ಗುಲಿನವರ ಕಿವಿಯಲ್ಲಿ ಹೇಳಿಡಬೇಕೆಂದು ಕೇಳಿಕೊಳ್ಳುವೆವು. ಸಾಲನ್ನು ತೋರಿಸುವ ಮುನ್ನ ಇಬ್ಬರೂ ನೋಡಿರೆನ್ನುವೆವು. ಇದರಿಂದ ತಪ್ಪು ತಪ್ಪುವದಲ್ಲದೆ, ಒಬ್ಬನ ಆಟವು ಇಬ್ಬರದಾಗುವದು.

ಆರನೆಯದು ಬೇಸರದ ಪರೀಕ್ಷೆ. ಇಲ್ಲಿಯೇ ನಮ್ಮ ಆಟವು ಕುಂಟುವದು. ಇಪ್ಪತ್ತೊಂದನ್ನು ಮೂರು ಸಾರೆ ಹಂಚಿದರೆ ಅರವತ್ತಮೂರು ಎಲೆಗಳನ್ನು ಇಟ್ಟಂತಾಯಿತು. ಗಡಿಯಾರವನ್ನಿಟ್ಟುಕೊಂಡು ನೋಡಿದರೆ ಎರಡು ನಿಮಿಷಕ್ಕೆ ಕಡಿಮೆಯಾಗುವದಿಲ್ಲ. ಆ ಎರಡು ನಿಮಿಷಗಳಲ್ಲಿ ನಡೆಯುವದೊಂದೇ: ಇಡುವದು, ಕೇಳುವದು, ಕೂಡಿಸುವದು. ಮಕ್ಕಳು ಆಕಳಿಸುವರು, ದೊಡ್ಡವರು ಮಾತಿಗೆ ತೊಡಗುವರು. ಇಷ್ಟೆಲ್ಲ ಆದ ಮೇಲೆ “ಇಗೋ, ಇದೇ ನಿಮ್ಮ ಎಲೆ” ಎಂದರೆ, ಏನೋ ಲೆಕ್ಕ ಮಾಡಿ ಹುಡುಕಿದನೆಂದು ಎಲ್ಲರಿಗೂ ಅನಿಸುವದು. ಅದು ನಿಜವೂ ಹೌದು. “ಇನ್ನೊಮ್ಮೆ ಮಾಡು” ಎಂದರಂತೂ ಕೆಟ್ಟಿತು. ತಾನು ತೋರಿಸಿದ ಸಾಲು ಪ್ರತಿ ಸಾರೆಯೂ ನಡುವೆಯೇ ಹೋಗುತ್ತಿರುವದನ್ನು ಮೂಲೆಯ ಹುಡುಗನೊಬ್ಬನು ಕಂಡೇ ಕಾಣುವನು. ಯಾವ ಆಟವನ್ನಾದರೂ ಮೂರು ಸಾರೆ ತೋರಿಸಿದರೆ ಗುಟ್ಟನ್ನು ಹೇಳುವೆನೆಂದು ಹೆಮ್ಮೆಪಡುತ್ತಿದ್ದ ಹೌಡಿನಿಯನ್ನು, 1922ರಲ್ಲಿ ಡಾಯ್ ವರ್ನನನೆಂಬ ತರುಣನು ಎಲೆಗಳ ಒಂದೇ ಆಟವನ್ನು ಮರಳಿ ಮರಳಿ ತೋರಿಸಿ ಸೋಲಿಸಿದನು. ಆದರೆ ಅದು ವರ್ನನನ ಕೈ. ನಮ್ಮ ಆಟಕ್ಕೆ ಆ ಕಸುವಿಲ್ಲ.

ಹೀಗೆ ಐದರಲ್ಲಿ ಗೆದ್ದು ಆರನೆಯದರಲ್ಲಿ ಸೋತ ಆಟವನ್ನು ಏನು ಮಾಡಬೇಕು? ಬಿಟ್ಟುಬಿಡಿರೆಂದು ಬಲ್ಲವರನೇಕರು ಹೇಳುವರು. ಮುಕ್ತಾಯವನ್ನು ಬದಲಿಸಿ ನೋಡಿರೆಂದು ನಾವು ಹೇಳುವೆವು. ಏತಕ್ಕಂದರೆ ನೋಟಕನು ಮನೆಗೆ ಒಯ್ಯುವದು ಕೊನೆಯ ಕ್ಷಣವನ್ನೇ ಹೊರತು ಅರವತ್ತಮೂರು ಎಲೆಗಳನ್ನಲ್ಲ.

ಐದು ಊರುಗಳ ಹೆಸರು

ಒಂದು ರಾತ್ರಿ ಎಲೆಗಳನ್ನು ಹಂಚುತ್ತ ಕುಳಿತಾಗ ನಮ್ಮ ತಾಲೂಕುಗಳ ಹೆಸರಿನ ಅಕ್ಷರಗಳನ್ನು ಬೆರಳಿನಿಂದ ಎಣಿಸುವ ಬುದ್ಧಿ ನಮಗೆ ಬಂದಿತು. ಚಿ–ಕ್ಕೋ–ಡಿ, ಮೂರು. ನಿ–ಪ್ಪಾ–ಣಿ, ಮೂರು. ಅ–ಥ–ಣಿ, ಮೂರು. ರಾ–ಯ–ಬಾ–ಗ, ನಾಲ್ಕು. ಕಾ–ಗ–ವಾ–ಡ, ನಾಲ್ಕು. ಮೂರು ಮೂರರವು, ಎರಡು ನಾಲ್ಕರವು, ಕೂಡಿದರೆ ಹದಿನೇಳು. ಇಪ್ಪತ್ತೊಂದೆಲೆಯ ಆಟದಲ್ಲಿ ಬೇಕಾದ ಹನ್ನೊಂದಕ್ಕೆ, ಮೂರಕ್ಷರದ ಊರೊಂದು ಮತ್ತು ನಾಲ್ಕಕ್ಷರದ ಎರಡೂ ಊರುಗಳು ಸಾಕು. ಆದರೆ ಎರಡೂರನ್ನು ಬಿಟ್ಟು ಮೂರೂರನ್ನು ಕರೆಯುವದೂ, ಐದೂರಿನವರು ಕೂಡಿದಲ್ಲಿ ಇಬ್ಬರನ್ನು ಹೊರಗಿಡುವದೂ ಒಂದೇ. ಐದನ್ನೂ ಹೇಳಬೇಕಾದರೆ ಎಲೆಯನ್ನು ಹದಿನೇಳನೆಯ ಸ್ಥಾನಕ್ಕೆ ತರಬೇಕು. ಅಲ್ಲಿಯೇ ಜೆರ್ಗೊನ್ನನ ಇಪ್ಪತ್ತೇಳು ಎಲೆಗಳು ಸಹಾಯಕ್ಕೆ ಬರುವವು.

ಇಪ್ಪತ್ತೇಳೆಲೆಯ ಆಟದಲ್ಲಿ ಸಾಲಿಗೆ ಒಂಬತ್ತು ಎಲೆ. ತೋರಿಸಿದ ಸಾಲನ್ನು ಪ್ರತಿ ಸಾರೆ ಮೇಲೆ, ನಡುವೆ ಅಥವಾ ಕೆಳಗೆ ಎಲ್ಲಿಟ್ಟರೆ ಎಲೆಯು ಎಲ್ಲಿಗೆ ಬರುವದೆಂಬದಕ್ಕೆ ಸುಲಭವಾದ ನಿಯಮವುಂಟು. ಬೇಕಾದ ಸ್ಥಾನದಲ್ಲಿ ಒಂದನ್ನು ಕಳೆಯಿರಿ. ಉಳಿದುದರಲ್ಲಿ ಒಂಬತ್ತುಗಳು ಎಷ್ಟು, ಮೂರುಗಳು ಎಷ್ಟು, ಬಿಡಿಗಳು ಎಷ್ಟೆಂದು ನೋಡಿರಿ. ಮೊದಲನೆಯ ಸಾರೆ ಬಿಡಿಗಳ ಸಂಖ್ಯೆಯಷ್ಟು ಸಾಲುಗಳು, ಎರಡನೆಯ ಸಾರೆ ಮೂರುಗಳ ಸಂಖ್ಯೆಯಷ್ಟು, ಮೂರನೆಯ ಸಾರೆ ಒಂಬತ್ತುಗಳ ಸಂಖ್ಯೆಯಷ್ಟು ಸಾಲುಗಳು, ಬೋರಲು ಹಿಡಿದ ಕಟ್ಟಿನಲ್ಲಿ, ತೋರಿಸಿದ ಸಾಲಿನ ಮೇಲೆ ಇರಬೇಕು. ಹದಿನೇಳರಲ್ಲಿ ಒಂದು ಕಳೆದರೆ ಹದಿನಾರು. ಅದರಲ್ಲಿ ಒಂಬತ್ತು ಒಂದು, ಮೂರು ಎರಡು, ಬಿಡಿ ಒಂದು. ಆದುದರಿಂದ ಮೊದಲ ಸಾರೆ ನಡುವೆ, ಎರಡನೆಯ ಸಾರೆ ಎಲ್ಲಕ್ಕೂ ಕೆಳಗೆ, ಮೂರನೆಯ ಸಾರೆ ಮತ್ತೆ ನಡುವೆ. ಎಲೆಗಳು ಮುಖ ಮೇಲಾಗಿರುವಾಗಲೇ ಸಾಲುಗಳನ್ನು ಕೂಡಿಸುವದರಿಂದ, ಎರಡನೆಯ ಸಾರೆ ತೋರಿಸಿದ ಸಾಲನ್ನು ಕಡೆಗೆ ತೆಗೆದುಕೊಂಡು ಎಲ್ಲಕ್ಕೂ ಮೇಲಿಡಬೇಕು. ಕಟ್ಟನ್ನು ಬೋರಲು ಮಾಡಿದಾಗ ಅದು ತಾನಾಗಿಯೇ ಕೆಳಗೆ ಹೋಗುವದು. “ನಡು, ಕಡೆ, ನಡು” ಎಂದು ಬಾಯಿಪಾಠ ಮಾಡಿಕೊಂಡರಾಯಿತು. ಪ್ರತಿ ಸಾರೆಯೂ ನಡುವೆಯೇ ಇಡುವ ದೋಷವೂ ಇದರಿಂದ ತೊಲಗಿತು.

ಇನ್ನು ತೋರಿಸುವ ಬಗೆ. ಮೂರನೆಯ ಸಾರೆ ಕೂಡಿಸಿದ ಕಟ್ಟನ್ನು ಬೋರಲು ಹಿಡಿದು, ನೋಟಕನಿಗೆ ಹೀಗೆ ಹೇಳಿರಿ: “ನಿಮ್ಮ ಎಲೆ ಎಲ್ಲಿರುವದೆಂದು ನಾನು ಹುಡುಕುವದಿಲ್ಲ. ನಮ್ಮ ಐದು ಊರುಗಳನ್ನು ಸುತ್ತಿ ಬರುವಾ. ನಿಮಗೆ ಇಷ್ಟವಾದ ಊರಿನಿಂದ ಹೊರಡಿರಿ.” ಆತನು ಕಾಗವಾಡದಿಂದ ಹೊರಟರೆ ‘ಕಾ’ ಎಂದು ಒಂದೆಲೆ, ‘ಗ’ ಎಂದು ಒಂದೆಲೆ, ಹೀಗೆ ಒಂದೊಂದಕ್ಷರಕ್ಕೆ ಒಂದೊಂದು ಎಲೆಯನ್ನು ಬೋರಲಾಗಿಯೇ ಇಡುತ್ತ ಹೋಗಿರಿ. ಮುಂದಿನ ಊರನ್ನೂ ಅವನೇ ಆರಿಸಲಿ. ಯಾವ ಕ್ರಮದಿಂದ ಸುತ್ತಿದರೂ ಕೂಡಿದ ಮೊತ್ತವು ಹದಿನೇಳೇ ಆದುದರಿಂದ ನಿಮಗೆ ಚಿಂತೆಯಿಲ್ಲ. ಆದರೆ ಆಯ್ಕೆಯು ತನ್ನದೆಂಬ ಭಾವನೆಯಿಂದ ನೋಟಕನ ಕುತೂಹಲವು ಊರೂರಿಗೆ ಏರುವದು. ಕೊನೆಯ ಊರಿನ ಕೊನೆಯ ಅಕ್ಷರದ ಎಲೆಯನ್ನು ಮಗುಚದೆ ಕೈಯಲ್ಲಿಯೇ ಹಿಡಿದಿರಿ. ನೆನೆದ ಎಲೆಯ ಹೆಸರನ್ನು ಮೊದಲು ಅವನ ಬಾಯಿಂದ ಗಟ್ಟಿಯಾಗಿ ಹೇಳಿಸಿರಿ. ಆ ಮೇಲೆ ಮಗುಚಿರಿ. ಹೆಸರು ಮೊದಲು, ಎಲೆ ಆಮೇಲೆ: ಈ ಕ್ರಮವು ಹಿಂದುಮುಂದಾದರೆ ಅರ್ಧ ಸೊಗಸು ಹೋದಂತೆಯೆ.

ಮರಾಠಿಯವರು ಕುಳಿತಿದ್ದರೆ ಏನು ಮಾಡಬೇಕೆಂದು ಒಬ್ಬರು ಕೇಳಿದರು. ನಾವು ಬಾಲಬೋಧ ಲಿಪಿಯಲ್ಲಿ ಬರೆದು ಎಣಿಸಿ ನೋಡಿದೆವು. ಆ ಲಿಪಿಯಲ್ಲಿಯೂ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಿಗೆ ಮೂರು ಮೂರೇ. ರಾಯಬಾಗ, ಕಾಗವಾಡಗಳಿಗೆ ನಾಲ್ಕು ನಾಲ್ಕೇ. ಹದಿನೇಳಕ್ಕೆ ಹದಿನೇಳು. ಎರಡು ನುಡಿಗಳ ನಡುವೆ ಎಷ್ಟೋ ವಾದಗಳನ್ನು ಕಂಡ ಈ ನೆಲದಲ್ಲಿ, ಊರುಗಳ ಅಕ್ಷರಗಳ ಲೆಕ್ಕವಾದರೂ ಎರಡೂ ಕಡೆಗೆ ಸರಿಬರುವದನ್ನು ಕಂಡು ನಮಗೆ ಸಂತೋಷವಾಯಿತು. ಸೊಸೆಯ ತವರು ಹುಕ್ಕೇರಿಯೋ ಗೋಕಾಕವೋ ಆಗಿದ್ದರೆ ಮೂರಕ್ಷರದ ಒಂದೂರಿನ ಬದಲು ಅದನ್ನೇ ಸೇರಿಸಿಕೊಳ್ಳಬಹುದು. ಬೆಳಗಾವಿಯೋ ಜಮಖಂಡಿಯೋ ಆದರೆ ನಾಲ್ಕಕ್ಷರದ್ದರ ಬದಲು. ತವರಿನ ಹೆಸರಿನ ಮೇಲೆ ತನ್ನ ಎಲೆ ಎದ್ದು ಬಂದಾಗ ಆ ಹೆಣ್ಣುಮಗಳ ಮುಖವನ್ನು ನೋಡಿರಿ.

ಈ ತಿದ್ದುಪಡಿಗೂ ದೋಷಗಳಿಲ್ಲವೆಂದಲ್ಲ. ಇಪ್ಪತ್ತೇಳರ ಮೂರು ಹಂಚಿಕೆಗೆ ಎಂಬತ್ತೊಂದು ಎಲೆ. ಇನ್ನೂ ಅರ್ಧ ನಿಮಿಷ ಹೆಚ್ಚು. ಅದನ್ನು ಮೊದಲೆರಡು ಹಂಚಿಕೆಗಳಲ್ಲಿ ಮಾತಿನಿಂದ ತುಂಬಬೇಕು, ಮೂರನೆಯದರಲ್ಲಿ ಸುಮ್ಮನಿರಬೇಕು. ಎಲೆಗಳು ಇಪ್ಪತ್ತೇಳೇ ಇರುವವೆಂದು ಮುಂಚೆಯೇ ಎರಡು ಸಾರೆ ಎಣಿಸಬೇಕು. ಒಂದು ಕಡಿಮೆಯಾದರೂ ಆಟ ಕೆಟ್ಟಿತು. ಇಡುವಾಗ ಕ್ರಮ ಕಲಕಬಾರದು. ಮತ್ತು ಒಂದು ಮನೆಯಲ್ಲಿ ಒಂದೇ ಸಾರೆ ತೋರಿಸಬೇಕು. ಇಷ್ಟನ್ನು ಪಾಲಿಸಿದರೆ, ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲಾಟವು ಸಿಗಲಾರದೆಂದು ನಮ್ಮ ಅಭಿಪ್ರಾಯವು.

ಕಡೆಯ ಪರೀಕ್ಷೆ

ಮೇಲೆ ಆರು ಪರೀಕ್ಷೆಗಳನ್ನು ಹೇಳಿದೆವು. ಏಳನೆಯದನ್ನು ನಮಗೆ ಕಲಿಸಿದವಳು ಒಬ್ಬ ಮುದುಕಿ. 1584ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ರೆಜಿನಾಲ್ಡ ಸ್ಕಾಟನೆಂಬವನು, ಜಾದೂಗಾರರ ಕೈಚಳಕಗಳನ್ನು ಬಿಡಿಸಿ ಹೇಳಿ ಇದು ಮಾಟವಲ್ಲವೆಂದು ತೋರಿಸುವದಕ್ಕಾಗಿ ಪುಸ್ತಕ ಬರೆದನು. ಅದನ್ನು ಕೇಳಿ ತಿಳಿದಿದ್ದರೂ ಅದರ ಅರ್ಥವು ನಮಗೆ ಆ ದಿನದವರೆಗೆ ಆಗಿರಲಿಲ್ಲ.

2019ರ ಆಗಸ್ಟ ತಿಂಗಳಲ್ಲಿ ಕೃಷ್ಣೆಯು ಉಕ್ಕಿ ನಮ್ಮ ತಾಲೂಕುಗಳ ನದೀತೀರದ ಊರುಗಳು ನೀರಿನಲ್ಲಿ ಮುಳುಗಿದ್ದು ವಾಚಕರ ನೆನಪಿನಲ್ಲಿರುವದು. ಎತ್ತರದ ಊರೊಂದರ ಶಾಲೆಯಲ್ಲಿ ಅನೇಕ ಕುಟುಂಬಗಳು ಆಶ್ರಯ ಪಡೆದಿದ್ದವು. ಹೊರಗೆ ಮಳೆ, ಒಳಗೆ ಮಾಡುವದಕ್ಕೇನೂ ಇಲ್ಲದೆ ಮಕ್ಕಳು ಅಳುತ್ತಿದ್ದವು. ರೊಟ್ಟಿ ಹಂಚಲು ಹೋದವರೊಡನೆ ನಾವೂ ಹೋಗಿ, ಕಿಸೆಯಲ್ಲಿದ್ದ ಎಲೆಗಳನ್ನು ತೆಗೆದು ಐದೂರಿನ ಆಟವನ್ನು ತೋರಿಸಿದೆವು. ಗೋಡೆಗೊರಗಿ ಕುಳಿತ ಒಬ್ಬ ಮುದುಕಿಯ ಕೈಯಿಂದ ಎಲೆಯನ್ನು ನೆನೆಸಿದೆವು. ಇಸ್ಪೀಟಿನ ಹೆಸರುಗಳು ಅವಳಿಗೆ ಗೊತ್ತಿರಲಿಲ್ಲ. “ಹೂ ಹಿಡಿದ ಹೆಣ್ಣು” ಎಂದು ಮೊಮ್ಮಗಳ ಕಿವಿಯಲ್ಲಿ ಹೇಳಿದ್ದಳು. ಹದಿನೇಳನೆಯ ಎಲೆಯಾಗಿ ಹೂ ಹಿಡಿದ ರಾಣಿಯು ಎದ್ದು ಬಂದಳು. ಮಕ್ಕಳು ಕೂಗಿದವು. ಮುದುಕಿಯು ಕೂಗಲಿಲ್ಲ. ಮೆಲ್ಲನೆ ಹತ್ತಿರಕ್ಕೆ ಸರಿದು ನಮ್ಮ ಕೈ ಹಿಡಿದು ಕೇಳಿದಳು: “ಯಪ್ಪಾ, ಮನಸಿನಾಗಿನ ಎಲಿ ಹೇಳಿದಿ. ನನ್ನ ಮನಿ ನಿಂತೈತೋ ಬಿದ್ದೈತೋ, ಅಷ್ಟ ಹೇಳ.”

ನಮಗೆ ನಾಲಗೆ ಏಳಲಿಲ್ಲ. “ನಿಂತಿದೆ” ಎಂದು ಬಿಡುವದು ಎಷ್ಟು ಸುಲಭವಾಗಿದ್ದಿತು! ಅವಳು ನಂಬುತ್ತಿದ್ದಳು, ಆ ರಾತ್ರಿ ನಿದ್ದೆಯನ್ನೂ ಮಾಡುತ್ತಿದ್ದಳು. ಆದರೆ ಜಾತ್ರೆಯ ಮೂರೆಲೆಯವನಿಗೂ ನಮಗೂ ನಡುವೆ ಇದ್ದ ಗೆರೆಯು ಅಲ್ಲಿಯೇ ಅಳಿಸಿಹೋಗುತ್ತಿತ್ತು. ಗುಟ್ಟನ್ನು ಹೇಳಬಾರದೆಂಬದು ಜಾದೂಗಾರರ ಮೊದಲ ನಿಯಮ. ಅದನ್ನು ಅಂದು ಮುರಿದೆವು. ಎಲೆಗಳನ್ನು ಮ��್ತೆ ಹರವಿ, “ಅವ್ವಾ, ನನಗೇನೂ ಕಾಣುವದಿಲ್ಲ. ನಿನ್ನ ಬೆರಳೇ ನನಗೆ ಮೂರು ಸಾರೆ ಹೇಳಿತು, ನೋಡು” ಎಂದು ನಡು, ಕಡೆ, ನಡು ಎಂದು ಇಟ್ಟು ತೋರಿಸಿದೆವು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಎಲೆಗಳನ್ನು ಕೈಗೆ ತೆಗೆದುಕೊಂಡಳು. ಕಬ್ಬಿನ ಸಾಲು ಹಿಡಿದು ಎಣಿಸಿದ ಕೈ ಅದು. ಎರಡನೆಯ ಸಾರೆಗೇ ತಪ್ಪಲಿಲ್ಲ.

ನಾಲ್ಕು ದಿನಗಳ ಮೇಲೆ ಮತ್ತೆ ಹೋದಾಗ ನೀರು ಇಳಿಯತೊಡಗಿತ್ತು. ಅವಳ ಮನೆಯ ಹಿತ್ತಲಗೋಡೆ ಬಿದ್ದು, ಮುಂದಿನ ಪಡಸಾಲೆ ನಿಂತಿರುವದೆಂದು ಮಗನು ಈಸಿ ಹೋಗಿ ನೋಡಿಕೊಂಡು ಬಂದು ಹೇಳಿದ್ದನಂತೆ. ಶಾಲೆಯ ಮೂಲೆಯಲ್ಲಿ ಹತ್ತೆಂಟು ಮಕ್ಕಳು ಸುತ್ತುಗಟ್ಟಿ ಕುಳಿತಿದ್ದವು. ನಡುವೆ ಮುದುಕಿಯು ಎಲೆಗಳನ್ನಿಡುತ್ತಿದ್ದಳು. ಅವಳು ಓದು ಬಲ್ಲವಳಲ್ಲ. ಮಗ್ಗುಲಲ್ಲಿ ಮೊಮ್ಮಗಳು ಬೆರಳು ಮಡಚುತ್ತ ಅಕ್ಷರಗಳನ್ನು ಹೇಳಿಕೊಡುತ್ತಿದ್ದಳು. ಅಥಣಿಯ ‘ಣಿ’ಯ ಮೇಲೆ ಎಲೆ ಎದ್ದು ಬಂದಾಗ ಮಕ್ಕಳು ಹೋ ಎಂದವು. ಒಂದು ಹುಡುಗಿ, “ಆಯಿ, ನಿನಗ ಹೆಂಗ ಗೊತ್ತಾತು?” ಎಂದು ಕೇಳಿತು.

“ನನಗ ಗೊತ್ತಿಲ್ಲವ್ವಾ, ನೀನ ಹೇಳಿದಿ” ಎಂದು ಮುದುಕಿಯು ಎಲೆಗಳನ್ನು ಮತ್ತೆ ಕೂಡಿಸಿದಳು.

ಏಳನೆಯ ಪರೀಕ್ಷೆಯು ಇದು: ಆಟ ಮುಗಿದ ಮೇಲೆ ನೋಟಕನ ಮನಸ್ಸಿನಲ್ಲಿ ಏನು ಉಳಿಯುವದು? ಬೆರಗು ಉಳಿದರೆ ಆಟವು ಒಳ್ಳೆಯದು. ಭಯವಾಗಲಿ, ನಮ್ಮಲ್ಲಿ ಇಲ್ಲದ ಶಕ್ತಿಯ ನಂಬಿಗೆಯಾಗಲಿ ಉಳಿದರೆ, ಉಳಿದ ಆರರಲ್ಲಿ ಎಷ್ಟು ಗುಣ ಪಡೆದಿದ್ದರೂ ಆ ಆಟವನ್ನು ಕಟ್ಟಿಡಬೇಕು, ಇಲ್ಲವೆ ಬಿಚ್ಚಿ ತೋರಿಸಬೇಕು. ಬರುವ ದೀಪಾವಳಿಗೆ ಜಮಖಾನೆ ಹಾಸುವ ನಮ್ಮ ಕಿರಿಯರು ಇಪ್ಪತ್ತೇಳು ಎಲೆಗಳನ್ನು ಎಣಿಸುವಾಗ ಇದನ್ನೂ ಅವುಗಳೊಡನೆ ಎಣಿಸಿಕೊಳ್ಳಲಿ.